ಟ್ರ್ಯಾಕ್ಟರು, ಟ್ರಾಲಿಗಳಿಗೆ ಪ್ರೈಮರು ಹೊಡೆಯುವ ಗನ್ನಿನ ಆಯ್ಕೆ

ಬಸವಕಲ್ಯಾಣ ಮತ್ತು ಹುಮನಾಬಾದು ಸೀಮೆಗಳಲ್ಲಿ ಬೇಸಾಯದ ಉಪಕರಣಗಳೆಲ್ಲವೂ ಮರದಿಂದಲೇ ಆಗುತ್ತಿದ್ದ ಕಾಲವು ಹಿರಿಯರ ನೆನಪಿನಿಂದ ಇನ್ನೂ ಮಾಸಿಲ್ಲ. ನೇಗಿಲು, ಕುಂಟೆ, ಕೂರಿಗೆ, ಬಂಡಿ ಇವುಗಳಲ್ಲಿ ಕಬ್ಬಿಣವಿದ್ದದ್ದು ಕುಳ, ಕುಡ, ಅಚ್ಚು, ಹಳಿಪಟ್ಟಿಗಳಲ್ಲಿ ಮಾತ್ರ. ಮರದ ಭಾಗಕ್ಕೆ ವರ್ಷಕ್ಕೊಮ್ಮೆ ಎಣ್ಣೆಯನ್ನು ಸವರಿ ನೆರಳಿನಲ್ಲಿಟ್ಟರೆ ಸಾಕಾಗುತ್ತಿತ್ತು. ಈಗಲಾದರೋ ಟ್ರ್ಯಾಕ್ಟರು, ಟ್ರಾಲಿ, ರೋಟಾವೇಟರು, ಬಿತ್ತುವ ಯಂತ್ರ, ನೀರಿನ ಟ್ಯಾಂಕರು ಇವೆಲ್ಲವೂ ಕಬ್ಬಿಣದವೇ ಆಗಿವೆ. ಮರಕ್ಕೆ ಗೆದ್ದಲು ಹೇಗೋ ಕಬ್ಬಿಣಕ್ಕೆ ತುಕ್ಕು ಹಾಗೆ. ನಮ್ಮ ಕಡೆ ಜಂಗು ಎಂದು ಕರೆಯಲ್ಪಡುವ ಈ ತುಕ್ಕು, ಕಬ್ಬಿನ ರಸವೂ ಯೂರಿಯಾ, ಡಿ.ಎ.ಪಿ. ಮುಂತಾದ ಗೊಬ್ಬರಗಳ ಪುಡಿಯೂ ಬಿದ್ದ ಸ್ಥಳದಲ್ಲಿ ಬಹು ಶೀಘ್ರವಾಗಿ ಹರಡುತ್ತದೆ. ಗೊಬ್ಬರದ ಲವಣಗಳು ಗಾಳಿಯಲ್ಲಿನ ತೇವವನ್ನು ತಮ್ಮತ್ತ ಎಳೆದುಕೊಂಡು ಕಬ್ಬಿಣವನ್ನು ಸದಾ ಒದ್ದೆಯಾಗಿ ಇಡುವುದೇ ಇದಕ್ಕೆ ಕಾರಣವು. ಬಿತ್ತುವ ಯಂತ್ರದ ಗೊಬ್ಬರದ ಪೆಟ್ಟಿಗೆಯೂ ಟ್ರಾಲಿಯ ತಳದ ತಗಡೂ ಉಳಿದ ಭಾಗಗಳಿಗಿಂತ ಮೊದಲೇ ತೂತಾಗುವುದನ್ನು ಯಾರಾದರೂ ನೋಡಿರಬಹುದು.

ಇದನ್ನು ತಡೆಯಲು ಅನೇಕ ಜಮೀನುದಾರರು ಬೇಸಗೆಯಲ್ಲಿ, ಮುಂಗಾರಿನ ಬಿತ್ತನೆಗೆ ಮುಂಚೆ, ಟ್ರಾಲಿಗಳಿಗೆ ಬಣ್ಣ ಮಾಡಿಸುತ್ತಾರೆ. ಕೆಲವರು ಸೋಲಾಪುರದಿಂದ ಹೈದರಾಬಾದಿಗೆ ಹೋಗುವ ೬೫ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲಿನ ಸಸ್ತಾಪುರ ಬಂಗ್ಲಾದ ಕಡೆಗೆ ಹೋಗಿ, ಲಾರಿಗಳ ಕೆಲಸಕ್ಕೆ ಹೆಸರಾದ ಬಸವಕಲ್ಯಾಣದ ಆಟೋ ನಗರದ ಕಾರ್ಖಾನೆಗಳಲ್ಲಿ ಈ ಕೆಲಸವನ್ನು ಮಾಡಿಸಿಕೊಳ್ಳುತ್ತಾರೆ. ಮತ್ತೆ ಕೆಲವರು ಪೇಟೆಯಿಂದ ಒಂದು ಗನ್ನನ್ನು ಕೊಂಡುತಂದು, ಗಾಲಿಗೆ ಗಾಳಿ ತುಂಬುವ ಕಂಪ್ರೆಸರಿಗೆ ಜೋಡಿಸಿ, ತಮ್ಮ ಅಂಗಳದಲ್ಲಿಯೇ ಹೊಡೆಯಿಸುತ್ತಾರೆ. ಈ ಎರಡನೆಯ ಪದ್ಧತಿಯು ಮಿತವ್ಯಯದ್ದೆಂದು ತೋರಿದರೂ, ಮೊದಲ ಮಳೆಗಾಲದಲ್ಲಿಯೇ ಬಣ್ಣವು ಸಿಪ್ಪೆಯಂತೆ ಏಳುವುದನ್ನು ನಾನು ಹಲವು ಗ್ರಾಮಗಳಲ್ಲಿ ನೋಡಿದ್ದೇನೆ. ದೋಷವು ಹೆಚ್ಚಾಗಿ ಬಣ್ಣದ್ದಲ್ಲ. ಬಣ್ಣದ ಕೆಳಗೆ ಹೊಡೆದ ಪ್ರೈಮರಿನದು, ಅದಕ್ಕೂ ಮಿಗಿಲಾಗಿ ಆ ಪ್ರೈಮರಿಗೆ ಒಪ್ಪದ ಗನ್ನಿನದು. ಆದಕಾರಣ ಗನ್ನನ್ನು ಆರಿಸುವ ಬಗೆಯನ್ನು ಇಲ್ಲಿ ಸ್ವಲ್ಪ ವಿಶದವಾಗಿ ಬರೆಯಲಾಗಿದೆ.

ಪ್ರೈಮರೆಂಬುದು ಕಬ್ಬಿಣಕ್ಕೂ ಮೇಲಿನ ಬಣ್ಣಕ್ಕೂ ನಡುವೆ ನಿಂತು ಎರಡನ್ನೂ ಹಿಡಿದುಕೊಳ್ಳುವ ಮೊದಲ ಹೊದಿಕೆಯು. ಮೇಲಿನ ಹೊಳಪಿನ ಬಣ್ಣಕ್ಕಿಂತ ಇದರಲ್ಲಿ ಪುಡಿಯ ಅಂಶವು ಹೆಚ್ಚು. ಆದ್ದರಿಂದಲೇ ಇದು ದಪ್ಪವಾಗಿಯೂ ಭಾರವಾಗಿಯೂ ಇರುತ್ತದೆ, ಡಬ್ಬಿಯ ತಳದಲ್ಲಿ ಬೇಗನೆ ಕೂರುತ್ತದೆ. ನಮ್ಮಲ್ಲಿ ಬಹಳವಾಗಿ ಬಳಕೆಯಲ್ಲಿರುವ ರೆಡ್ ಆಕ್ಸೈಡಿನ ಕೆಂಪು ಪುಡಿಯು ಕಬ್ಬಿಣದ ಆಕ್ಸೈಡೇ ಆಗಿದೆ. ಬೀದರ, ಹುಮನಾಬಾದು ಕಡೆಯ ಜಂಬಿಟ್ಟಿಗೆಯನ್ನು ಕೆಂಪಾಗಿಸಿರುವ ದ್ರವ್ಯವೂ ಅದೇ. ಒಮ್ಮೆ ಪೂರ್ತಿಯಾಗಿ ಆಕ್ಸೈಡಾದ ಕಬ್ಬಿಣವು ಮುಂದೆ ಬದಲಾಗದೆ ಸ್ಥಿರವಾಗಿ ನಿಲ್ಲುವುದರಿಂದ ಅದು ಒಳ್ಳೆಯ ಹೊದಿಕೆಯಾಗುತ್ತದೆ. ಆದರೆ ಅದಕ್ಕೆ ತುಕ್ಕನ್ನು ತಾನಾಗಿ ತಡೆಯುವ ಗುಣವು ಕಡಮೆ. ಅದಕ್ಕಾಗಿ ಸತುವಿನ ಲವಣಗಳನ್ನು ಸೇರಿಸುತ್ತಾರೆ. ಸತುವು ನಮ್ಮ ಜಿಲ್ಲೆಗೆ ಹೊಸದಲ್ಲ. ಬಿದರಿಯ ಪಾತ್ರೆಗಳು ಸತುವಿಗೆ ತುಸು ತಾಮ್ರವನ್ನು ಬೆರೆಸಿ ಎರಕ ಹೊಯ್ದವುಗಳೇ ಆಗಿವೆ. ಪ್ರೈಮರಿನಲ್ಲಿ ಸೇರಿಸುವ ಸತುವಿನ ಲವಣವು ಎರಡು ಬಗೆಯದು: ಜಿಂಕ್ ಕ್ರೋಮೇಟ್ ಮತ್ತು ಜಿಂಕ್ ಫಾಸ್ಫೇಟ್. ಮೊದಲನೆಯದು ತುಕ್ಕನ್ನು ಚೆನ್ನಾಗಿ ತಡೆಯುವುದಾದರೂ ಅದರಲ್ಲಿರುವ ಕ್ರೋಮಿಯಮ್ಮು ಶ್ವಾಸಕೋಶದ ಅರ್ಬುದರೋಗವನ್ನು ತರತಕ್ಕದ್ದು. ತುಂತುರಾಗಿ ಹೊಡೆಯುವ ಪ್ರೈಮರಿನಲ್ಲಿ ಅದನ್ನು ಬಿಟ್ಟು ಜಿಂಕ್ ಫಾಸ್ಫೇಟ್ ಇರುವುದನ್ನೇ ಅಂಗಡಿಯವರಲ್ಲಿ ಕೇಳಿ ಪಡೆಯತಕ್ಕದ್ದು.

ತುಂತುರಿನ ಯಂತ್ರವು ನಮ್ಮ ರೈತರಿಗೆ ಅಪರಿಚಿತವಾದದ್ದಲ್ಲ. ಮೈಸೂರು ಸಂಸ್ಥಾನಕ್ಕೆ ೧೯೦೮ರಲ್ಲಿ ಬಂದ ಡಾಕ್ಟರ್ ಲೆಸ್ಲಿ ಕೋಲ್‌ಮನ್ನರು ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದನ್ನು ರೂಢಿಗೆ ತಂದಂದಿನಿಂದ ಪಿಚಕಾರಿ, ಪಂಪುಗಳು ಕ್ರಮೇಣ ಊರೂರಿಗೆ ಬಂದಿವೆ. ಈಗ ತೊಗರಿಯ ಕಾಯಿಕೊರಕಕ್ಕೂ ಸೋಯಾಬೀನಿನ ಹುಳುಗಳಿಗೂ ಬೆನ್ನಿಗೆ ಕಟ್ಟುವ ಪಂಪಿಲ್ಲದ ಮನೆಯು ವಿರಳ. ಅದೇ ಕಾಲದಲ್ಲಿ ಅಮೆರಿಕದ ಟೊಲೀಡೋ ಎಂಬ ಪಟ್ಟಣದಲ್ಲಿ ಬಣ್ಣದ ಗನ್ನೂ ಹುಟ್ಟಿತು. ಅಲ್ಲಿನ ಡೆವಿಲ್‌ಬಿಸ್ ಎಂಬ ವೈದ್ಯರು ರೋಗಿಗಳ ಗಂಟಲಿಗೆ ಔಷಧವನ್ನು ತುಂತುರಾಗಿ ಊದಲು ಒಂದು ಉಪಕರಣವನ್ನು ಮಾಡಿದ್ದರು; ಅವರ ಮಗನಾದ ಥಾಮಸನು ೧೯೦೭ರಲ್ಲಿ ಅದೇ ತತ್ತ್ವದಿಂದ ಬಣ್ಣ ಹೊಡೆಯುವ ಗನ್ನನ್ನು ರಚಿಸಿದನು.

ಆದಾಗ್ಯೂ ಔಷಧದ ಪಂಪಿಗೂ ಬಣ್ಣದ ಗನ್ನಿಗೂ ಮುಖ್ಯವಾದ ಭೇದವೊಂದುಂಟು. ಪಂಪಿನಲ್ಲಿ ಒತ್ತಡವು ದ್ರವದ ಮೇಲೆಯೇ ಬಿದ್ದು, ಆ ದ್ರವವು ಸಣ್ಣ ರಂಧ್ರದಿಂದ ರಭಸವಾಗಿ ಹೊರಬಿದ್ದು ತಾನೇ ಒಡೆದು ಹನಿಯಾಗುತ್ತದೆ. ಗನ್ನಿನಲ್ಲಿ ಬಣ್ಣವು ನಿಧಾನವಾಗಿ ನಾಜಲಿನ ತುದಿಗೆ ಬರುತ್ತದೆ. ಅದನ್ನು ಸುತ್ತಲಿನಿಂದ ಬೀಸುವ ಗಾಳಿಯು ಒಡೆದು ಹುಡಿ ಮಾಡುತ್ತದೆ. ನೀರಿನಂತಹ ಔಷಧವು ತಾನಾಗಿ ಒಡೆಯಬಲ್ಲುದು, ಗಂಜಿಯಂತಹ ಪ್ರೈಮರು ಒಡೆಯಲಾರದು. ಆದ್ದರಿಂದ ಬೆನ್ನಿನ ಪಂಪಿನಲ್ಲಾಗಲಿ, ಟ್ರ್ಯಾಕ್ಟರಿನ ಎಚ್.ಟಿ.ಪಿ. ಪಂಪಿನಲ್ಲಾಗಲಿ ಪ್ರೈಮರನ್ನು ತುಂಬಿ ಹೊಡೆಯುವ ಉಪಾಯವನ್ನು ಯಾರೂ ಮಾಡಕೂಡದು. ತುಂತುರು ಸರಿಯಾಗಿ ಬೀಳುವುದಿಲ್ಲವೆಂಬುದು ಒಂದು. ಥಿನ್ನರು ಪಂಪಿನ ರಬ್ಬರಿನ ವಾಷರುಗಳನ್ನು ಉಬ್ಬಿಸಿ ಕೆಡಿಸುವುದರಿಂದ ಮುಂದೆ ಔಷಧವು ಹೊಡೆಯುವವನ ಬೆನ್ನಿನ ಮೇಲೆಯೇ ಸೋರುವುದೆಂಬುದು ಮತ್ತೊಂದು. ಬ್ಯಾಟರಿಯ ಪಂಪಿನಲ್ಲಂತೂ ಮೋಟಾರಿನ ಕಿಡಿಯು ಥಿನ್ನರಿನ ಆವಿಗೆ ತಾಕಿ ಬೆಂಕಿಯಾಗುವ ಭಯವೂ ಇದೆ.

ಗನ್ನುಗಳಲ್ಲಿ ಬಣ್ಣದ ಬಟ್ಟಲು ಇರುವ ಸ್ಥಳದಿಂದ ಮೂರು ಜಾತಿಗಳಾಗಿವೆ. ಬಟ್ಟಲು ಕೆಳಗಿದ್ದು ಗಾಳಿಯ ಸೆಳೆತದಿಂದ ಬಣ್ಣವು ಮೇಲೇರುವುದು ಹಳೆಯ ಜಾತಿ. ನಮ್ಮ ಕಾರ್ಖಾನೆಗಳಲ್ಲಿ ಹಿಂದಿನಿಂದಲೂ ಇರುವುದು ಇದೇ. ಒಂದು ಲೀಟರು ಹಿಡಿಯುತ್ತದೆ, ನೆಲದ ಮೇಲೆ ನೆಟ್ಟಗೆ ನಿಲ್ಲುತ್ತದೆ, ಪೆಟ್ಟು ತಡೆಯುತ್ತದೆ. ಆದರೆ ದಪ್ಪ ಪ್ರೈಮರನ್ನು ಮೇಲಕ್ಕೆ ಸೆಳೆಯಲು ಇದಕ್ಕೆ ಹೆಚ್ಚು ಗಾಳಿ ಬೇಕು. ಬಟ್ಟಲಿನ ತಳದಲ್ಲಿ ಕೊಂಚ ಬಣ್ಣವು ಯಾವಾಗಲೂ ಉಳಿದುಹೋಗುತ್ತದೆ. ಬಟ್ಟಲು ಮೇಲಿದ್ದು ಬಣ್ಣವು ತನ್ನ ಭಾರದಿಂದಲೇ ಇಳಿಯುವುದು ಎರಡನೆಯ ಜಾತಿ. ಇದರಲ್ಲಿ ಸುಮಾರು ೬೦೦ ಮಿಲಿಲೀಟರು ಹಿಡಿಯುತ್ತದೆ, ಕಡಮೆ ಒತ್ತಡದಲ್ಲಿಯೂ ದಪ್ಪ ಬಣ್ಣವು ಇಳಿಯುತ್ತದೆ, ಕಡೆಯ ಹನಿಯವರೆಗೂ ಉಪಯೋಗವಾಗುತ್ತದೆ. ಮೂರನೆಯದರಲ್ಲಿ ಬಣ್ಣವನ್ನು ಬೇರೆ ಪಾತ್ರೆಯಲ್ಲಿಟ್ಟು ಗಾಳಿಯ ಒತ್ತಡದಿಂದ ಕೊಳವೆಯ ಮೂಲಕ ಗನ್ನಿಗೆ ಕಳಿಸುತ್ತಾರೆ. ದಿನವೂ ಲಾರಿಯ ಕೆಲಸವಿರುವ ಕಾರ್ಖಾನೆಗೆ ಅದು ಯುಕ್ತವೇ ಹೊರತು ಜಮೀನುದಾರನಿಗೆ ಅನಾವಶ್ಯಕ. ನನ್ನ ಅಭಿಪ್ರಾಯದಲ್ಲಿ ವರ್ಷಕ್ಕೆ ಒಂದೆರಡು ಟ್ರಾಲಿಗಳ ಕೆಲಸವುಳ್ಳವನಿಗೆ ಎರಡನೆಯ ಜಾತಿಯ ಗನ್ನೇ ಸರಿಯಾದದ್ದು. ತಲೆಕೆಳಗಾಗಿ ಹಿಡಿದು ಅಡಿಭಾಗಕ್ಕೆ ಹೊಡೆಯಲು ಅದು ಅನುಕೂಲವಲ್ಲವೆಂದು ಕೆಲವರು ಆಕ್ಷೇಪಿಸುವುದುಂಟು. ಅಡಿಭಾಗದ ವಿಷಯಕ್ಕೆ ಮುಂದೆ ಬರುತ್ತೇನೆ.

ಗಾಳಿಯಿಲ್ಲದ ಗನ್ನು ಎಂಬ ಮತ್ತೊಂದನ್ನು ಈಚೆಗೆ ಕಟ್ಟಡಗಳಿಗೆ ಬಣ್ಣ ಬಳಿಯುವವರು ತರುತ್ತಿದ್ದಾರೆ. ಅದರಲ್ಲಿ ಒತ್ತಡವು ಚದರಂಗುಲಕ್ಕೆ ೨೦೦೦ ಪೌಂಡಿಗೂ ಮಿಗಿಲಾಗಿರುವುದರಿಂದ ತುದಿಗೆ ಬೆರಳು ತಾಕಿದರೆ ಬಣ್ಣವು ಚರ್ಮವನ್ನು ಸೀಳಿ ಮಾಂಸದೊಳಕ್ಕೆ ಹೋಗುತ್ತದೆ. ಗಾಯವು ಸೂಜಿಯ ಚುಚ್ಚಿನಷ್ಟೇ ಕಂಡರೂ ಕೂಡಲೇ ಶಸ್ತ್ರಚಿಕಿತ್ಸೆಯಾಗದಿದ್ದರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು. ಅಂತಹ ಯಂತ್ರವು ಮನೆಯಲ್ಲಿರುವುದೇ ಬೇಡ.

ನಾಜಲಿನ ರಂಧ್ರ

ಗನ್ನಿನ ಜಾತಿಗಿಂತಲೂ ಮುಖ್ಯವಾದದ್ದು ಅದರ ನಾಜಲಿನ ರಂಧ್ರದ ಅಳತೆಯು. ಕೊಳ್ಳುವವರಲ್ಲಿ ಬಹುಮಂದಿ ಇದನ್ನು ಕೇಳುವುದೇ ಇಲ್ಲ. ಅಂಗಡಿಯವರು ಸಾಮಾನ್ಯವಾಗಿ ೧.೪ ಮಿಲಿಮೀಟರಿನ ರಂಧ್ರವುಳ್ಳದ್ದನ್ನು ಕೊಟ್ಟುಬಿಡುತ್ತಾರೆ. ಅದು ಮೇಲಿನ ಹೊಳಪಿನ ಬಣ್ಣಕ್ಕೆ ಮಾಡಿದ್ದು. ಹೊಳಪಿನ ಬಣ್ಣಕ್ಕೆ ೧.೨ರಿಂದ ೧.೪ ಮಿಲಿಮೀಟರು, ತೆಳುವಾದ ಎಪಾಕ್ಸಿ ಪ್ರೈಮರಿಗೆ ೧.೪ರಿಂದ ೧.೬, ಉಜ್ಜಿ ಸಮಮಾಡಲು ದಪ್ಪವಾಗಿ ಹೊಡೆಯುವ ಪ್ರೈಮರು ಸರ್ಫೇಸರಿಗೂ ಪುಡಿಯಂಶ ಹೆಚ್ಚಿರುವ ರೆಡ್ ಆಕ್ಸೈಡಿಗೂ ೧.೬ರಿಂದ ೨.೦, ಪಟ್ಟಿಯಂತೆ ಹೊಡೆಯುವ ಪಾಲಿಯೆಸ್ಟರ್ ಫಿಲ್ಲರಿಗೆ ೨.೦ರಿಂದ ೨.೫. ಒಂದೇ ನಾಜಲನ್ನು ಕೊಳ್ಳಬೇಕಾದರೆ ೧.೮ ಮಿಲಿಮೀಟರಿನದನ್ನು ಕೊಳ್ಳಬೇಕೆಂದು ನಾನು ಹೇಳುತ್ತೇನೆ.

೧.೪ಕ್ಕೂ ೧.೮ಕ್ಕೂ ಏನು ಮಹಾ ಅಂತರವೆಂದು ಕೇಳಬಹುದು. ರಂಧ್ರದ ಅಗಲವು ಕೂದಲೆಳೆಯ ಕೆಲವು ಪಟ್ಟಿನಷ್ಟೇ ಹೆಚ್ಚಿದರೂ ಅದರ ಕ್ಷೇತ್ರಫಲವು ಸುಮಾರು ಒಂದೂಮುಕ್ಕಾಲು ಪಟ್ಟಿಗೆ ಸಮೀಪವಾಗಿ, ಅಂದರೆ ಲೆಕ್ಕದಂತೆ ೧.೬೫ ಪಟ್ಟು, ಹೆಚ್ಚುತ್ತದೆ. ಕಾಲುವೆಯ ತೂಬನ್ನು ಬಲ್ಲವರಿಗೆ ಇದನ್ನು ಹೆಚ್ಚಾಗಿ ಹೇಳಬೇಕಾಗಿಲ್ಲ. ಸಣ್ಣ ರಂಧ್ರದ ಗನ್ನಿನಲ್ಲಿ ದಪ್ಪ ಪ್ರೈಮರು ಇಳಿಯದಿದ್ದಾಗ ಹೊಡೆಯುವವನು ಮಾಡುವುದೇನು? ಇನ್ನಷ್ಟು ಥಿನ್ನರನ್ನು ಸುರಿಯುತ್ತಾನೆ. ಪ್ರೈಮರು ಸೊಗಸಾಗಿ ಹೊರಬೀಳುತ್ತದೆ, ನೋಡುವುದಕ್ಕೂ ಸಮವಾಗಿ ಕಾಣುತ್ತದೆ. ಕೇಡು ಇರುವುದು ಇಲ್ಲಿಯೇ. ನೂರು ಭಾಗದಲ್ಲಿ ನಲವತ್ತು ಭಾಗ ಗಟ್ಟಿಯಂಶವಿರುವ ಪ್ರೈಮರನ್ನು ೧೦೦ ಮೈಕ್ರಾನ್ ದಪ್ಪವಾಗಿ ಹೊಡೆದರೆ ಒಣಗಿದ ಮೇಲೆ ೪೦ ಮೈಕ್ರಾನ್ ಉಳಿಯುತ್ತದೆ. ಸಮಭಾಗ ಥಿನ್ನರನ್ನು ಬೆರೆಸಿ ಅಷ್ಟೇ ದಪ್ಪವಾಗಿ ಹೊಡೆದರೆ ಉಳಿಯುವುದು ೨೦ ಮಾತ್ರ. ಉಜ್ಜಿದ ಕಬ್ಬಿಣದ ಮೇಲ್ಮೈಯಲ್ಲಿರುವ ಏರುಗಳ ನೆತ್ತಿಯನ್ನು ಈ ತೆಳು ಹೊದಿಕೆಯು ಮುಚ್ಚಲಾರದು. ಅಲ್ಲಿಂದಲೇ ತುಕ್ಕು ಆರಂಭವಾಗಿ ಬಣ್ಣದ ಕೆಳಗೆ ಹರಿದಾಡುತ್ತದೆ. ಇದಲ್ಲದೆ ಹೆಚ್ಚಾದ ಥಿನ್ನರು ಮೇಲಿನ ಬಣ್ಣದ ಅಡಿಯಲ್ಲಿ ಸಿಕ್ಕಿಬಿದ್ದು ಬಿಸಿಲಿಗೆ ಗುಳ್ಳೆಯೇಳಿಸುತ್ತದೆ. ಪ್ರೈಮರಿಗೆ ತಕ್ಕಂತೆ ಗನ್ನನ್ನು ಆರಿಸುವುದನ್ನು ಬಿಟ್ಟು, ಗನ್ನಿಗೆ ತಕ್ಕಂತೆ ಪ್ರೈಮರನ್ನು ನೀರು ಮಾಡುವುದರಿಂದ ಆಗುವ ನಷ್ಟವು ಇಂತಹುದು.

ಥಿನ್ನರಿನ ಪ್ರಮಾಣವನ್ನು ಕಣ್ಣಂದಾಜಿಗೆ ಬಿಡದೆ ಅಳೆಯಲು ಒಂದು ಸುಲಭವಾದ ಸಾಧನವಿದೆ. ಬಣ್ಣದ ಅಂಗಡಿಗಳಲ್ಲಿ ಫೋರ್ಡ್ ಕಪ್ ಬಿ-೪ ಎಂದು ಕೇಳಿದರೆ ತಳದಲ್ಲಿ ತೂತುಳ್ಳ ಒಂದು ಸಣ್ಣ ಬಟ್ಟಲನ್ನು ಕೊಡುತ್ತಾರೆ. ಬೆರೆಸಿದ ಪ್ರೈಮರನ್ನು ಅದರ ಕಂಠದವರೆಗೆ ತುಂಬಿ, ತೂತಿನ ಬೆರಳನ್ನು ತೆಗೆದು, ಧಾರೆಯು ಕಡಿಯುವವರೆಗೆ ಗಡಿಯಾರವನ್ನು ನೋಡಬೇಕು. ಗನ್ನಿಗೆ ಹಾಕುವ ಪ್ರೈಮರುಗಳು ಸಾಮಾನ್ಯವಾಗಿ ೧೮ರಿಂದ ೨೫ ಸೆಕೆಂಡಿನೊಳಗೆ ಹರಿದುಮುಗಿಯುವಂತಿರುತ್ತವೆ. ನಿಮ್ಮ ಡಬ್ಬಿಯ ಮೇಲೆ ಬೇರೆ ಅಂಕಿಯಿದ್ದರೆ ಅದನ್ನೇ ಅನುಸರಿಸತಕ್ಕದ್ದು.

ಕಂಪ್ರೆಸರಿನ ಗಾಳಿ

ಗನ್ನನ್ನು ಕೊಳ್ಳುವ ಮೊದಲು ನಿಮ್ಮಲ್ಲಿರುವ ಅಥವಾ ಬಾಡಿಗೆಗೆ ಸಿಕ್ಕುವ ಕಂಪ್ರೆಸರಿನ ಶಕ್ತಿಯನ್ನು ತಿಳಿದುಕೊಳ್ಳಬೇಕು. ಬಾವಿಯ ಊಟೆಯನ್ನು ನೋಡದೆ ಪಂಪನ್ನು ಕೊಳ್ಳುವವನಿಲ್ಲವಷ್ಟೆ, ಇಲ್ಲಿಯೂ ಹಾಗೆಯೇ. ಎಲ್ಲರೂ ನೋಡುವುದು ಒತ್ತಡದ ಮುಳ್ಳನ್ನು. ಆದರೆ ಒತ್ತಡವು ಬಾವಿಯಲ್ಲಿ ನಿಂತ ನೀರಿನ ಮಟ್ಟದಂತೆ. ಗನ್ನಿಗೆ ಬೇಕಾದದ್ದು ನಿಮಿಷ ನಿಮಿಷಕ್ಕೂ ಒಸರುವ ಊಟೆ. ಇದನ್ನು ನಿಮಿಷಕ್ಕೆ ಇಷ್ಟು ಘನ ಅಡಿ ಎಂದು, ಕಾರ್ಖಾನೆಯ ಭಾಷೆಯಲ್ಲಿ ಸಿ.ಎಫ್.ಎಂ. ಎಂದು, ಹೇಳುತ್ತಾರೆ. ಸ್ಥೂಲವಾಗಿ ಒಂದು ಅಶ್ವಶಕ್ತಿಯ ಮೋಟಾರಿಗೆ ಮೂರರಿಂದ ನಾಲ್ಕು ಘನ ಅಡಿ ಗಾಳಿಯು ನಿಜವಾಗಿ ಹೊರಬೀಳುತ್ತದೆ. ಕಂಪ್ರೆಸರಿನ ಫಲಕದ ಮೇಲೆ ಇದಕ್ಕಿಂತ ದೊಡ್ಡ ಅಂಕಿಯಿದ್ದರೆ ಅದು ಪಿಸ್ಟನ್ನು ಒಳಕ್ಕೆ ಎಳೆದುಕೊಳ್ಳುವ ಗಾಳಿಯ ಲೆಕ್ಕವಾಗಿರುವುದು ಸಂಭವ. ಹೊರಗೆ ಕೊಡುವ ಗಾಳಿಯ ಲೆಕ್ಕವನ್ನೇ ಕೇಳಬೇಕು.

ಇನ್ನು ಗನ್ನುಗಳ ಕಡೆಗೆ ನೋಡಿದರೆ, ಹಳೆಯ ರೀತಿಯವು ೪೦ರಿಂದ ೫೦ ಪೌಂಡು ಒತ್ತಡದಲ್ಲಿ ನಡೆಯುತ್ತವೆ. ಅವು ಬಣ್ಣವನ್ನು ಚೆನ್ನಾಗಿ ಒಡೆಯುತ್ತವೆಯಾದರೂ ರಭಸದ ಗಾಳಿಗೆ ಬಣ್ಣವು ಕಬ್ಬಿಣಕ್ಕೆ ತಾಕಿ ಹಿಂದಕ್ಕೆ ಚಿಮ್ಮಿ, ಮಂಜಿನಂತೆ ಹಾರಿಹೋಗುತ್ತದೆ; ನೂರು ಭಾಗದಲ್ಲಿ ೩೦ರಿಂದ ೪೦ ಭಾಗ ಮಾತ್ರ ವಸ್ತುವಿಗೆ ಅಂಟುತ್ತದೆ. ಎಚ್.ವಿ.ಎಲ್.ಪಿ. ಎಂದು ಬರೆದಿರುವ ಹೊಸ ರೀತಿಯ ಗನ್ನುಗಳಲ್ಲಿ ತುದಿಯ ಒತ್ತಡವು ೧೦ ಪೌಂಡಿಗೆ ಮೀರದಂತೆ ಮಾಡಿರುತ್ತಾರೆ. ಅವುಗಳಲ್ಲಿ ೬೫ ಭಾಗ ಅಂಟಬೇಕೆಂಬುದು ನಿಯಮ. ಬಣ್ಣವು ಉಳಿಯಿತು, ಹೊಡೆಯುವವನ ಎದೆಗೂ ಒಳ್ಳೆಯದಾಯಿತು. ಆದರೆ ಒತ್ತಡ ಕಡಮೆಯಾದಷ್ಟೂ ಗಾಳಿಯ ಪ್ರಮಾಣವು ಹೆಚ್ಚು ಬೇಕು. ಇಂತಹ ಗನ್ನಿಗೆ ನಿಮಿಷಕ್ಕೆ ಹತ್ತರಿಂದ ಹದಿನೈದು ಘನ ಅಡಿಯವರೆಗೆ ಗಾಳಿ ಬೇಕಾಗುವುದು ಸಾಮಾನ್ಯ. ಇವೆರಡರ ನಡುವೆ, ಕಡಮೆ ಗಾಳಿಯಲ್ಲಿ ಕಡಮೆ ಒತ್ತಡದಿಂದ ನಡೆಯುವ ಎಲ್.ವಿ.ಎಲ್.ಪಿ. ಎಂಬ ಜಾತಿಯೊಂದಿದೆ; ಅದಕ್ಕೆ ನಾಲ್ಕರಿಂದ ಆರು ಘನ ಅಡಿ ಸಾಕು. ಕೆಲಸವು ನಿಧಾನ, ತುಂತುರಿನ ಪಟ್ಟಿಯೂ ಕಿರಿದು.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಎರಡು ಅಶ್ವಶಕ್ತಿಯ, ೧೦೦ ಲೀಟರು ಟ್ಯಾಂಕಿನ ಕಂಪ್ರೆಸರು ನಿಮಿಷಕ್ಕೆ ೭ ಘನ ಅಡಿ ಗಾಳಿಯನ್ನು ಕೊಡುತ್ತದೆ ಎನ್ನಿ. ೧೦೦ ಲೀಟರೆಂದರೆ ಮೂರೂವರೆ ಘನ ಅಡಿ. ಟ್ಯಾಂಕಿನ ಒತ್ತಡವು ೮ ಬಾರಿನಿಂದ ಮೂರೂವರೆ ಬಾರಿಗೆ ಇಳಿಯುವವರೆಗೆ ಅದರಿಂದ ಸುಮಾರು ೧೬ ಘನ ಅಡಿ ಗಾಳಿಯು ಹೊರಬರುತ್ತದೆ. ಹತ್ತು ಘನ ಅಡಿ ಬೇಡುವ ಗನ್ನಿಗೆ ನಿಮಿಷಕ್ಕೆ ಮೂರು ಘನ ಅಡಿಯ ಕೊರತೆ. ಆ ಕೊರತೆಯನ್ನು ಟ್ಯಾಂಕು ಐದು ನಿಮಿಷ ತುಂಬೀತು. ಹದಿನಾಲ್ಕು ಘನ ಅಡಿ ಬೇಡುವ ಗನ್ನಿಗೆ ಎರಡು ನಿಮಿಷಕ್ಕೇ ಉಸಿರು ಕಟ್ಟುತ್ತದೆ. ಉಸಿರು ಕಟ್ಟಿದ ಗನ್ನು ನಿಲ್ಲುವುದಿಲ್ಲ, ಹನಿಹನಿಯಾಗಿ ಉಗುಳುತ್ತದೆ. ಹೊಡೆಯುವವನು ಅದನ್ನು ಗಮನಿಸದೆ ಮುಂದುವರಿದರೆ ಅರ್ಧ ಟ್ರಾಲಿ ನುಣುಪು, ಅರ್ಧ ಟ್ರಾಲಿ ಕಿತ್ತಳೆಯ ಸಿಪ್ಪೆ. ಆದ್ದರಿಂದ ಎರಡು ಅಶ್ವಶಕ್ತಿಯ ಕಂಪ್ರೆಸರುಳ್ಳವರು ಎಂಟು ಘನ ಅಡಿಗಿಂತ ಹೆಚ್ಚು ಗಾಳಿಯನ್ನು ಬೇಡುವ ಗನ್ನನ್ನು, ಅದು ಎಷ್ಟೇ ಶ್ರೇಷ್ಠವಾಗಿರಲಿ, ಕೊಳ್ಳಕೂಡದು. ದೊಡ್ಡ ಗನ್ನು ಬೇಕೆಂದು ಮೂರು ಅಥವಾ ಐದು ಅಶ್ವಶಕ್ತಿಯ ಕಂಪ್ರೆಸರನ್ನು ತಂದು ನೀರಾವರಿ ಪಂಪಿನ ತಂತಿಗೆ ಜೋಡಿಸುವವರೂ ಇದ್ದಾರೆ. ಆ ವಿದ್ಯುತ್ತು ನೀರೆತ್ತುವುದಕ್ಕೆಂದು ಕೊಟ್ಟದ್ದು, ಇಂತಹ ಕೆಲಸಕ್ಕಲ್ಲ. ಗ್ರಾಮದ ಹಿರಿಯರು ಇದನ್ನು ತಡೆಯಬೇಕು.

ಗಾಳಿಯ ಕೊಳವೆಯೂ ಗನ್ನಿನಷ್ಟೇ ಮುಖ್ಯ. ಒಳಗಿನ ಅಗಲವು ೬ ಮಿಲಿಮೀಟರಾಗಿರುವ ಉದ್ದವಾದ ಕೊಳವೆಯಲ್ಲಿ ಒತ್ತಡವು ದಾರಿಯಲ್ಲಿಯೇ ಕುಂದುತ್ತದೆ. ೮ ಅಥವಾ ೧೦ ಮಿಲಿಮೀಟರಿನದು ಬೇಕು. ಒತ್ತಡವನ್ನು ಟ್ಯಾಂಕಿನ ಬಳಿ ನೋಡದೆ, ಗನ್ನಿನ ಹಿಡಿಯ ಕೆಳಗೆ ಸಣ್ಣ ಮಾಪಕವನ್ನು ಜೋಡಿಸಿ, ಕುದುರೆಯನ್ನು ಎಳೆದಿರುವಾಗಲೇ ನೋಡತಕ್ಕದ್ದು. ಕಂಪ್ರೆಸರಿನ ಬಿಸಿ ಗಾಳಿಯು ತಣ್ಣಗಾದಾಗ ನೀರು ಬಿಡುವುದರಿಂದ ಟ್ಯಾಂಕಿನ ತಳದ ತಿರುಪನ್ನು ದಿನವೂ ಬಿಚ್ಚಿ ನೀರನ್ನು ಹರಿಯಬಿಡಬೇಕು. ಕೊಳವೆಯ ನಡುವೆ ನೀರು ತಡೆಯುವ ಸೋಸುಕವನ್ನೂ ಹಾಕಬೇಕು. ಪ್ರೈಮರಿನ ಜೊತೆಗೆ ಬಿದ್ದ ನೀರಿನ ಹನಿಯು ಅಲ್ಲಿಯೇ ಕುಳಿತು ಒಳಗಿನಿಂದ ತುಕ್ಕನ್ನು ಹುಟ್ಟಿಸುತ್ತದೆ.

ಅಂಗಡಿಯಲ್ಲಿ ಪರೀಕ್ಷೆ

ನಾಜಲು, ಸೂಜಿ, ಏರ್ ಕ್ಯಾಪ್ ಈ ಮೂರೂ ಒಂದೇ ಜೊತೆಯವಾಗಿರಬೇಕು. ಇವುಗಳಲ್ಲಿ ಒಂದು ಸವೆದರೆ ಮೂರನ್ನೂ ಬದಲಿಸಬೇಕಾಗುತ್ತದೆ. ಆದ್ದರಿಂದ ಬಿಡಿಭಾಗಗಳು ಹುಮನಾಬಾದಿನಲ್ಲಿಯೋ ಬಸವಕಲ್ಯಾಣದಲ್ಲಿಯೋ ಸಿಕ್ಕದ ಗನ್ನನ್ನು ಬೆಲೆ ಕಡಮೆಯೆಂದು ಕೊಳ್ಳುವುದು ಜಾಣತನವಲ್ಲ. ಸೂಜಿಯನ್ನು ಹೊರಗೆಳೆದು ಗಾಜಿನ ಮೇಲೆ ಉರುಳಿಸಿದರೆ ಅದು ನೆಟ್ಟಗಿದೆಯೋ ಇಲ್ಲವೋ ತಿಳಿಯುತ್ತದೆ. ಸೂಜಿಯೂ ನಾಜಲೂ ತುಕ್ಕು ಹಿಡಿಯದ ಉಕ್ಕಿನವಾಗಿರುವುದು ಒಳ್ಳೆಯದು. ಬಟ್ಟಲಿಗೆ ಥಿನ್ನರನ್ನು ಹಾಕಿ ಕೆಲವು ನಿಮಿಷ ಬಿಟ್ಟು, ತುದಿಯಲ್ಲಿ ಹನಿ ಜಿನುಗುತ್ತದೆಯೋ ನೋಡಿರಿ. ಆಮೇಲೆ ಗೋಡೆಗೆ ಹಳೆಯ ಪತ್ರಿಕೆಯನ್ನು ಅಂಟಿಸಿ, ಒಂದು ಗೇಣು ದೂರದಿಂದ ಕ್ಷಣಮಾತ್ರ ಹೊಡೆಯಿರಿ. ಗುರುತು ಉದ್ದನೆಯ ಅಂಡಾಕಾರವಾಗಿ, ಮೇಲೂ ಕೆಳಗೂ ಸಮನಾಗಿ ಬೀಳಬೇಕು. ಒಂದು ತುದಿ ದಪ್ಪವಾಗಿದ್ದರೆ ಏರ್ ಕ್ಯಾಪನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಹೊಡೆಯಬೇಕು. ದಪ್ಪನೆಯ ತುದಿಯೂ ಜೊತೆಗೇ ತಿರುಗಿದರೆ ದೋಷವು ಕ್ಯಾಪಿನದು, ಇದ್ದಲ್ಲಿಯೇ ಇದ್ದರೆ ನಾಜಲಿನದು. ನಡುವೆ ಸೊಂಟದಂತೆ ಸಣ್ಣಗಾಗಿದ್ದರೆ ಗಾಳಿ ಹೆಚ್ಚಾಗಿದೆ ಅಥವಾ ಬಣ್ಣ ಸಾಲದಾಗಿದೆ. ಈ ಪರೀಕ್ಷೆಗೆ ಒಪ್ಪದ ಅಂಗಡಿಯನ್ನು ಬಿಟ್ಟು ಬೇರೆಡೆಗೆ ಹೋಗುವುದು ಲೇಸು.

ಕೊಂಡ ಗನ್ನನ್ನು ಪ್ರೈಮರಿಗೇ ಮೀಸಲಿಡಬೇಕು. ಪ್ರೈಮರಿನ ಪುಡಿಯು ಮರಳಿನಂತೆ ನಾಜಲನ್ನು ಸವೆಸುವುದರಿಂದ ಆ ಗನ್ನಿನಲ್ಲಿ ಮುಂದೆ ಹೊಳಪಿನ ಬಣ್ಣವು ಚೆನ್ನಾಗಿ ಬೀಳದು. ಹೀಗೆ ಎರಡು ಗನ್ನುಗಳೂ ಒಂದು ಕಂಪ್ರೆಸರೂ ಬೇಕೆಂದರೆ ಒಬ್ಬ ಜಮೀನುದಾರನಿಗೆ ಭಾರವಾಗಬಹುದು. ಮಂಠಾಳ, ಮುಡಬಿ, ಹಳ್ಳಿಖೇಡ, ದುಬಲಗುಂಡಿಗಳಂತಹ ಊರುಗಳಲ್ಲಿ ಐದಾರು ಟ್ರ್ಯಾಕ್ಟರಿನವರು ಕೂಡಿ ಒಂದು ಜೊತೆಯನ್ನು ಕೊಂಡು, ಕೈ ಪಳಗಿದ ಒಬ್ಬನ ವಶಕ್ಕೆ ಕೊಡುವುದು ಉತ್ತಮ. ವರ್ಷಕ್ಕೆ ಒಂದೇ ಟ್ರಾಲಿಯ ಕೆಲಸವಿರುವವನು ಗನ್ನನ್ನೇ ಕೊಳ್ಳದೆ ಆಟೋ ನಗರಕ್ಕೆ ಹೋಗಿ, ೧.೮ರ ನಾಜಲಿನಿಂದ ಹೊಡೆಯಬೇಕೆಂದು ಹೇಳಿ ಎದುರಿಗೆ ನಿಂತು ಮಾಡಿಸಿದರೆ ಸಾಕು.

ಎಲ್ಲ ಸ್ಥಳಕ್ಕೂ ಗನ್ನೇ ಬೇಕೆಂಬುದೂ ತಪ್ಪು. ಹತ್ತಡಿ ಉದ್ದ, ಆರಡಿ ಅಗಲ, ಎರಡಡಿ ಎತ್ತರದ ಟ್ರಾಲಿಗೆ ಒಳಗೂ ಹೊರಗೂ ಸೇರಿ ಸುಮಾರು ೨೫೦ ಚದರಡಿ ತಗಡು ಇರುತ್ತದೆ. ಲೀಟರಿಗೆ ೧೦೦ ಚದರಡಿಯ ಲೆಕ್ಕದಲ್ಲಿ ಬ್ರಷ್ಷಿನಿಂದ ಒಂದು ಹೊದಿಕೆಗೆ ಎರಡೂವರೆ ಲೀಟರು ಪ್ರೈಮರು ಸಾಕು. ಅದನ್ನೇ ಹಳೆಯ ರೀತಿಯ ಗನ್ನಿನಿಂದ ಹೊಡೆದರೆ ಆರು ಲೀಟರನ್ನು ಮೀರುತ್ತದೆ, ಎಚ್.ವಿ.ಎಲ್.ಪಿ. ಗನ್ನಿನಿಂದ ನಾಲ್ಕು. ಅಡಿಯ ಚಾನಲ್ಲು, ಆಂಗಲ್ಲುಗಳಂತಹ ಸಪೂರ ಭಾಗಗಳಿಗೆ ಗನ್ನು ಹಿಡಿದರೆ ಬಹುಪಾಲು ಗಾಳಿಗೇ ಹೋಗುತ್ತದೆ. ಅಂತಹ ಭಾಗಗಳಿಗೂ, ಗುಳಿಬಿದ್ದ ಹಳೆಯ ತಗಡಿನ ಮೊದಲ ಹೊದಿಕೆಗೂ ಬ್ರಷ್ಷೇ ಮೇಲು. ಅದು ಪ್ರೈಮರನ್ನು ಗುಳಿಗಳೊಳಕ್ಕೆ ಒತ್ತಿ ತುಂಬುತ್ತದೆ. ಬಾನೆಟ್ಟು, ಮಡ್‌ಗಾರ್ಡು, ಟ್ರಾಲಿಯ ಅಗಲವಾದ ಪಕ್ಕಗಳು ಇವುಗಳಿಗೆ ಗನ್ನು. ತುಕ್ಕನ್ನು ತಂತಿ ಬ್ರಷ್ಷಿನಿಂದಲೂ ಎಮರಿ ಕಾಗದದಿಂದಲೂ ತೆಗೆದು, ಗೊಬ್ಬರದ ಉಪ್ಪನ್ನು ನೀರಿನಿಂದ ತೊಳೆದು, ಒಣಗಿಸಿ, ಜಿಡ್ಡನ್ನು ಥಿನ್ನರಿನ ಬಟ್ಟೆಯಿಂದ ಒರಸಿದ ಮೇಲಲ್ಲದೆ ಯಾವುದನ್ನೂ ಹೊಡೆಯಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಮಳೆಗಾಲದ ಮೋಡದ ದಿನಗಳಲ್ಲಿ, ಗಾಳಿಯ ತೇವವು ನೂರಕ್ಕೆ ೮೫ನ್ನು ಮೀರಿರುವಾಗ, ಕೆಲಸವನ್ನು ನಿಲ್ಲಿಸತಕ್ಕದ್ದು.

ಪ್ರಾಣಕ್ಕೆ ಸಂಬಂಧಿಸಿದ ಎಚ್ಚರಿಕೆಗಳು

ಗೃಹೋಪಯೋಗದ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ ೯೦ ಭಾಗವನ್ನು ಮೀರಕೂಡದೆಂದು ಭಾರತ ಸರ್ಕಾರವು ೨೦೧೬ರಲ್ಲಿ ನಿಯಮವನ್ನು ಮಾಡಿ ೨೦೧೭ರ ನವೆಂಬರಿನಿಂದ ಜಾರಿಗೆ ತಂದಿತು. ಆ ನಿಯಮವು ಮನೆಯ ಹಾಗೂ ಅಲಂಕಾರದ ಬಣ್ಣಗಳಿಗೆ ಸಂಬಂಧಿಸಿದ್ದು. ವಾಹನ ಮತ್ತು ಕಾರ್ಖಾನೆಯ ಬಣ್ಣಗಳನ್ನು ಕುರಿತದ್ದಲ್ಲ. ಆದ್ದರಿಂದ ಟ್ರಾಲಿಯ ಪ್ರೈಮರನ್ನು ಕೊಳ್ಳುವಾಗ ಸೀಸವಿಲ್ಲವೆಂದು ಡಬ್ಬಿಯ ಮೇಲೆ ಬರೆದಿರುವುದನ್ನೇ ಆರಿಸಬೇಕು. ರೆಡ್ ಲೆಡ್ ಎಂಬ ಹೆಸರಿನದನ್ನು ಮುಟ್ಟಕೂಡದು. ಹಳೆಯ ಬಣ್ಣದಲ್ಲಿ ಸೀಸವಿರುವುದು ಸಂಭವವಾದ್ದರಿಂದ ಅದನ್ನು ಒಣಗಿದ ಕಾಗದದಿಂದ ಉಜ್ಜದೆ ನೀರು ಹಾಕಿ ಉಜ್ಜಬೇಕು. ಆ ಕೆಸರನ್ನು ದನಗಳು ನೀರು ಕುಡಿಯುವ ಕಡೆಗೂ ಮಕ್ಕಳು ಆಡುವ ಕಡೆಗೂ ಹೋಗಲೀಯದೆ ಒಟ್ಟುಮಾಡತಕ್ಕದ್ದು. ಸೀಸವು ಎಳೆಯ ಮಕ್ಕಳ ಬುದ್ಧಿಯ ಬೆಳವಣಿಗೆಯನ್ನೇ ಕುಂದಿಸುತ್ತದೆ.

ಹಾರ್ಡನರನ್ನು ಬೆರೆಸಿ ಹೊಡೆಯುವ ಟೂ-ಕೆ ಪಾಲಿಯುರಿಥೇನ್ ಪ್ರೈಮರುಗಳು ಗಟ್ಟಿಯಾದವೆಂಬುದು ನಿಜ. ಆದರೆ ಅವುಗಳ ಹಾರ್ಡನರಿನಲ್ಲಿರುವ ಐಸೋಸಯನೇಟ್ ಎಂಬ ದ್ರವ್ಯದ ತುಂತುರನ್ನು ಉಸಿರಾಡಿದವರಿಗೆ ಉಬ್ಬಸ ಹತ್ತುತ್ತದೆ. ಒಮ್ಮೆ ಹತ್ತಿದವರಿಗೆ ಮುಂದೆ ಅದರ ಅತ್ಯಲ್ಪ ವಾಸನೆಯೂ ಪ್ರಾಣಾಪಾಯಕರವಾಗಬಹುದು. ಬಾಯಿಗೆ ಕಟ್ಟಿದ ಟವೆಲಾಗಲಿ, ಧೂಳಿನ ಮಾಸ್ಕಾಗಲಿ ಇದನ್ನು ತಡೆಯಲಾರವು. ಹೊರಗಿನಿಂದ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ತರುವ ಮುಖವಾಡವೇ ಬೇಕು. ಅದಿಲ್ಲದ ಗ್ರಾಮಗಳಲ್ಲಿ ಇ ಪ್ರೈಮರನ್ನು ಗನ್ನಿನಿಂದ ಹೊಡೆಯಿಸಲೇಬಾರದೆಂದು ಮುಖಂಡರಲ್ಲಿ ಒತ್ತಿ ಹೇಳುತ್ತೇನೆ. ಸಾಧಾರಣ ರೆಡ್ ಆಕ್ಸೈಡಿಗೂ ಇದ್ದಿಲಿನ ಡಬ್ಬಿಯುಳ್ಳ ಮಾಸ್ಕು, ಕನ್ನಡಕ, ಕೈಚೀಲಗಳು ಬೇಕೇಬೇಕು.

ಥಿನ್ನರಿನ ಆವಿಯು ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆಯೇ ಹರಿದು ದೂರದ ಒಲೆಗೂ ತಾಕಬಲ್ಲುದು. ಕಣದಲ್ಲಿ, ಕಣಿಕೆಯ ಬಣವೆಯ ಹತ್ತಿರ, ದನದ ಕೊಟ್ಟಿಗೆಯಲ್ಲಿ ಈ ಕೆಲಸವನ್ನು ಎಂದಿಗೂ ಮಾಡಕೂಡದು. ಬೀಡಿಯನ್ನು ಹತ್ತಿರ ಸುಳಿಯಗೊಡಬಾರದು. ಕಂಪ್ರೆಸರನ್ನು ಗಾಳಿ ಬರುವ ದಿಕ್ಕಿಗೆ, ಹೊಡೆಯುವ ಸ್ಥಳದಿಂದ ಸಾಕಷ್ಟು ದೂರದಲ್ಲಿ ಇರಿಸಬೇಕು.

ಹೊಡೆಯುವಾಗ ಗನ್ನನ್ನು ಆರರಿಂದ ಎಂಟು ಅಂಗುಲ ದೂರದಲ್ಲಿ, ತಗಡಿಗೆ ನೇರವಾಗಿ ಹಿಡಿದು, ಮಣಿಕಟ್ಟನ್ನು ತಿರುಗಿಸದೆ ತೋಳನ್ನೇ ಸಾಗಿಸಬೇಕು. ಪ್ರತಿಯೊಂದು ಪಟ್ಟಿಯೂ ಹಿಂದಿನ ಪಟ್ಟಿಯ ಅರ್ಧವನ್ನು ಮುಚ್ಚಬೇಕು. ಎರಡು ಹೊದಿಕೆಗಳ ನಡುವೆ ಡಬ್ಬಿಯಲ್ಲಿ ಹೇಳಿದಷ್ಟು ಹೊತ್ತು ಬಿಡಬೇಕು.

ಕೆಲಸ ಮುಗಿದ ಕೂಡಲೇ, ಅರ್ಧ ಗಂಟೆಯನ್ನೂ ಕಳೆಯದೆ, ಉಳಿದ ಪ್ರೈಮರನ್ನು ತೆಗೆದು ಬಟ್ಟಲಿಗೆ ತುಸು ಥಿನ್ನರನ್ನು ಹಾಕಿ, ಸ್ವಚ್ಛವಾಗಿ ಬರುವವರೆಗೆ ಹೊಡೆದು, ಆ ಥಿನ್ನರನ್ನು ಮುಂದಿನ ತೊಳೆತಕ್ಕೆ ಮುಚ್ಚಳದ ಡಬ್ಬಿಯಲ್ಲಿ ಇಡತಕ್ಕದ್ದು. ಏರ್ ಕ್ಯಾಪನ್ನು ಬಿಚ್ಚಿ ಮೆತ್ತನೆಯ ಬ್ರಷ್ಷಿನಿಂದ ತೊಳೆಯಬೇಕು. ಅದರ ರಂಧ್ರಗಳಿಗೆ ತಂತಿಯನ್ನೋ ಮೊಳೆಯನ್ನೋ ತೂರಿಸಿದರೆ ತುಂತುರು ಶಾಶ್ವತವಾಗಿ ಓರೆಯಾಗುತ್ತದೆ, ಬೇವಿನ ಕಡ್ಡಿಯ ಚೂಪಾದ ತುದಿಯು ಸಾಕು. ಇಡೀ ಗನ್ನನ್ನು ಥಿನ್ನರಿನಲ್ಲಿ ಮುಳುಗಿಸಿಡುವ ರೂಢಿಯು ಕೆಟ್ಟದ್ದು. ಒಳಗಿನ ವಾಷರುಗಳು ಒಣಗಿ ಸೀಳುತ್ತವೆ, ಕರಗಿದ ಕೊಳೆಯು ಗಾಳಿಯ ದಾರಿಗಳಲ್ಲಿ ಸೇರಿಕೊಳ್ಳುತ್ತದೆ. ಸೂಜಿಯ ವಾಷರಿಗೂ ಕುದುರೆಯ ಕೀಲಿಗೂ ಒಂದೊಂದು ತೊಟ್ಟು ಹೊಲಿಗೆ ಯಂತ್ರದ ಎಣ್ಣೆಯನ್ನು ಹಾಕಿ, ಒಣ ಬಟ್ಟೆಯಲ್ಲಿ ಸುತ್ತಿ, ಔಷಧದ ಪಂಪುಗಳಿಂದ ಬೇರೆಯಾಗಿ ತೂಗುಹಾಕಬೇಕು.